ಪರದೆ ಅಕ್ಕನ ಮಧ್ಯಾಹ್ನಗಳು

"ಬೆನ್ನ ಹೊಲಿಗೆ ಬಿಚ್ಚದೆ ತೋಳು ಏರಲ್ಲ ಕಣೇ. ಕತ್ತರಿ ಕೊಡು ಇಲ್ಲಿ," ಎಂದಳು ಚಿಕ್ಕಮ್ಮ.

ಮಗಳು ಕತ್ತರಿ ಕೊಡಲಿಲ್ಲ. ಅಮ್ಮನ ಹೆಗಲ ಕೆಳಗೆ ಕೈಕೊಟ್ಟು, ಭಾರವನ್ನೆಲ್ಲ ತನ್ನ ಎದೆಗೆ ಆನಿಸಿಕೊಂಡು, ಇನ್ನೊಮ್ಮೆ ಎಳೆದು ನೋಡಿದಳು. ಸೆಟೆದ ಮೊಣಕೈ ಮಣಿಯಲಿಲ್ಲ. ಬೂದುಬಣ್ಣದ ಆ ಉಡುಪನ್ನು ಅಮ್ಮ ತಾನೇ ಹೊಲಿದುಕೊಂಡಿದ್ದಳು. ಇಡೀ ಊರಿನ ಕಿಟಕಿಗಳಿಗೆ ಪರದೆ ಹೊಲಿದವಳು ತನಗಾಗಿ ಹೊಲಿದುಕೊಂಡದ್ದು ಬಲು ಕಡಿಮೆ. ಹೊಲಿದಷ್ಟನ್ನು ಮಾತ್ರ ಎರಡೆರಡು ಸಲ ಹೊಲಿದಿದ್ದಳು.

ಕೊನೆಗೆ ಚಿಕ್ಕಮ್ಮನೇ ಕತ್ತರಿ ಕಿತ್ತುಕೊಂಡು ಬೆನ್ನಿನ ಕಡೆ ಬಗ್ಗಿದಳು. ಹೊಲಿಗೆ ಅಷ್ಟು ಒತ್ತಾಗಿತ್ತು, ತುದಿ ಎಲ್ಲಿ ತೂರಿಸಬೇಕೆಂದೇ ತಿಳಿಯಲಿಲ್ಲ.

"ನೋಡು ಇವಳ ಹಟಾನ," ಎಂದಳು, ಮೂಗೆಳೆದುಕೊಳ್ಳುತ್ತ. "ಬದುಕಿರೋವರೆಗೂ ಬಾಯಿ ಬಿಡಲಿಲ್ಲ. ಈಗ ಬಟ್ಟೆನೂ ಬಿಡ್ತಿಲ್ಲ."

ಮಗಳಿಗೆ ನಗು ಬಂತು, ನಗುವಿನ ಹಿಂದೆಯೇ ಇನ್ನೇನೋ ಬಂತು. ಹೊಲಿಗೆ ಬಿಚ್ಚಿಕೊಂಡಿತು. ಇಬ್ಬರೂ ಸೇರಿ ತೋಳು ಏರಿಸಿ, ಹೊಲಿಗೆ ಬಿಚ್ಚಿದ ಬೆನ್ನು ಕಾಣದಂತೆ ಅಮ್ಮನನ್ನು ಮಲಗಿಸಿದರು. ಹೊರಗೆ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು.

"ಬೆಟ್ಟದ ಮನೆಗೆ ಹೇಳಿಕಳಿಸಿದೀನಿ," ಎಂದಳು ಚಿಕ್ಕಮ್ಮ, ಅಕ್ಕನ ಕೂದಲು ಬಾಚುತ್ತ, ಯಾವ ಕಡೆಗೂ ನೋಡದೆ.

"ಯಾರಿಗೆ?"

"ದ್ರಾಕ್ಷಿ ತೋಟದವರಿಗೆ. ಬರ್ತಾರೋ ಇಲ್ವೋ, ಅವರಿಗೂ ವಯಸ್ಸಾಯ್ತು."

"ಹೇಳು ಅಂತ ನಿಂಗೆ ಯಾರು ಅಂದ್ರು ಚಿಕ್ಕಮ್ಮ?"

"ಯಾರೂ ಅನ್ನಲಿಲ್ಲ. ನೀನಂತೂ ಅನ್ನೋದಿಲ್ಲ. ಅದಕ್ಕೇ ನಾನೇ ಹೇಳಿದೆ."

ಮಗಳ ತಮ್ಮ ಬಾಗಿಲಲ್ಲಿ ತಲೆ ಹಾಕಿ, "ಅಕ್ಕ, ಗಾಡಿ ಬಂತು," ಎಂದ. ಗ್ಯಾರೇಜಿನ ಮಸಿ ಹೋಗಲೆಂದು ಕೈಗಳನ್ನು ಕೆಂಪಗಾಗುವಷ್ಟು ತಿಕ್ಕಿ ತೊಳೆದಿದ್ದ. ಅಮ್ಮನ ಮುಖವನ್ನೊಮ್ಮೆ ನೋಡಿ ಹೊರಟುಹೋದ.

•

ಅಪ್ಪ ಸತ್ತಾಗ ಮಗಳಿಗೆ ಹನ್ನೆರಡು, ತಮ್ಮನಿಗೆ ಎಂಟು. ಅಪ್ಪ ರೈಲ್ವೆ ಗೋದಾಮಿನಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಅವನಷ್ಟು ಒಳ್ಳೆಯವನಿಲ್ಲ. ಮಗಳ ಜಡೆ ತಾನೇ ಹೆಣೆಯುತ್ತಿದ್ದ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುದಿಯವರೆಗೂ ಓಡುತ್ತಿದ್ದ. ಸಂಜೆ ಮನೆಗೆ ಬರುವವನು ಬೇರೆಯೇ. ಮೆಟ್ಟಿಲ ಮೇಲೆ ಅವನ ಕಾಲು ಹೇಗೆ ಬೀಳುತ್ತದೆ ಎಂಬುದನ್ನು ಕೇಳಿಯೇ ಅಮ್ಮ ಮಕ್ಕಳಿಗೆ ಕಣ್ಣಲ್ಲಿ ಹೇಳುತ್ತಿದ್ದಳು: ಒಳಗೆ ಹೋಗಿ, ಇಲ್ಲಾ, ಪರವಾಗಿಲ್ಲ ಇರಿ. ಒಂದು ಸಲ ಕಣ್ಣು ಹೇಳುವುದು ತಡವಾಯಿತು. ತಮ್ಮನ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಮ್ಮ ಮಂಚದ ಕೆಳಗೆ, ಅಟ್ಟದ ಮೇಲೆ, ನೀರಿನ ತೊಟ್ಟಿಯ ಹಿಂದೆ ಕೈಹಾಕಿ ಬಾಟಲಿಗಳನ್ನೆಲ್ಲ ಹೊರಗೆಳೆದಳು. ಖಾಲಿಯವು, ಅರ್ಧ ತುಂಬಿದವು. ಹಿತ್ತಲ ಕಲ್ಲಿಗೆ ಒಂದೊಂದನ್ನೇ ಅಪ್ಪಳಿಸಿದಳು. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು, ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

"ಅವರದ್ದೇನೂ ತಪ್ಪಿಲ್ಲ," ಎಂದಳು, ಏದುಸಿರು ಬಿಡುತ್ತ. "ಎಲ್ಲ ಇದರದ್ದು. ಇನ್ನು ಮೇಲೆ ಈ ಮನೆ ಹೊಸ್ತಿಲು ದಾಟಿ ಒಂದು ಬಾಟಲಿ ಒಳಗೆ ಬರಕೂಡದು. ಗೊತ್ತಾಯ್ತಾ?"

ಮಗಳು ಮೊರದಲ್ಲಿ ಚೂರುಗಳನ್ನು ತುಂಬಿಕೊಂಡು, "ಗೊತ್ತಾಯ್ತು," ಎಂದಳು. ಅವಳಿಗೆ ಗೊತ್ತಾದಷ್ಟು ಇನ್ನಾರಿಗೂ ಆಗಲಿಲ್ಲ.

ಆ ಮನೆಗೆ ಕೆಮ್ಮಿನ ಔಷಧಿಯೂ ಡಬ್ಬಿಯಲ್ಲೇ ಬರುತ್ತಿತ್ತು. ಮೂಲೆಯ ಅಂಗಡಿಯವನು, "ಪರದೆ ಅಕ್ಕ, ಎಣ್ಣೆ ಬೇಡ್ವಾ?" ಎಂದು ಕೂಗಿ, ಸುತ್ತಲಿದ್ದವರು ನಕ್ಕ ಮೇಲೆ, "ಅಯ್ಯೋ, ಅಡುಗೆ ಎಣ್ಣೆ ಕಣ್ರೀ!" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಮಗಳು ಬೆಳೆದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯ ಮಾತು ಬಂದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಉತ್ತರ ಕೊಡುವವನು ಒಂದು ಗಳಿಗೆ ತಡವರಿಸಿದರೂ ಸಾಕು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

•

ಸ್ಮಶಾನದಲ್ಲಿ ಬಿಸಿಲು ಏರುತ್ತಿತ್ತು. ತೋಡಿದ ಮಣ್ಣು ಆಗಲೇ ಒಣಗಿ ಬಿಳಚಿಕೊಂಡಿತ್ತು. ಪೆಟ್ಟಿಗೆಯನ್ನು ಹಗ್ಗದ ಮೇಲೆ ಇಟ್ಟಾಗಿತ್ತು. ಇಳಿಸುವ ಮೊದಲು ಯಾರಾದರೂ ಎರಡು ಮಾತಾಡಬೇಕಲ್ಲ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮಂಗಡಿಗೆ ಹೊಲಿದುಕೊಟ್ಟ ಪರದೆ ಇನ್ನೂ ಹಾಗೇ ಇದೆ," ಎಂದ ಬೇಕರಿಯವನು, ಪಕ್ಕದವನ ಕಿವಿಯಲ್ಲಿ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ. "ನನ್ನ ಮದುವೆ ಅಷ್ಟು ಬಾಳಿಕೆ ಬರಲಿಲ್ಲ."

ಅಷ್ಟರಲ್ಲಿ ಬೀದಿಯ ನಿವೃತ್ತ ಮೇಷ್ಟ್ರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆಂದರೆ ಇನ್ನು ಸದ್ಯಕ್ಕೆ ಬಿಡುಗಡೆಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಈ ತಾಯಿ ಬರೀ ಪರದೆ ಹೊಲಿದವರಲ್ಲ," ಎಂದು ಶುರು ಮಾಡಿದರು. ವಿಧವೆಯಾಗಿ ಎರಡು ಮಕ್ಕಳನ್ನು ಸಾಕಿದ್ದು, ಹಗಲೆಲ್ಲ ಮಿಷನ್ನು ತುಳಿದದ್ದು ಎಲ್ಲ ಹೇಳಿದರು. "ಕುಡಿತ ಒಂದು ಸಂಸಾರನ ಹೇಗೆ ತಿನ್ನುತ್ತೆ ಅಂತ ಕಣ್ಣಾರೆ ಕಂಡವರು. ಆವತ್ತು ಹಿತ್ತಲಲ್ಲಿ ಬಾಟಲಿ ಒಡೆದ ಸದ್ದು ನನ್ನ ಕಿವೀಲಿ ಇನ್ನೂ ಇದೆ. ಒಂದು ಹನಿ ಮುಟ್ಟಿದವರಲ್ಲ. ಕೊನೇವರೆಗೂ ಒಂದು ಹನಿ! ಬೀದಿಗೇ ಮಾದರಿ."

ತಮ್ಮ ಕೆಮ್ಮಿದ. ಚಿಕ್ಕಮ್ಮ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಮಗಳು ತಲೆಯೆತ್ತಿದಾಗ ಗುಂಪಿನ ಹಿಂದೆ, ಬೇಲಿಯ ಹತ್ತಿರ, ಒಬ್ಬ ಮುದುಕ ಕಂಡ. ಉದ್ದನೆಯ, ಬಾಗಿದ ಆಳು. ಕೋಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. 'ಒಂದು ಹನಿ' ಎಂಬ ಮಾತಿಗೆ ಅವನೂ ತಲೆಯೆತ್ತಿದ್ದ. ಮೇಷ್ಟ್ರನ್ನು ನೋಡುತ್ತಿದ್ದ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನ ಹೆಂಡತಿಯನ್ನು ಬೇರೆ ಯಾರೋ ತಪ್ಪು ಹೆಸರಿನಿಂದ ಕರೆದಾಗ ತಿದ್ದಲೋ ಬೇಡವೋ ಎಂದು ಯೋಚಿಸುವವನ ಹಾಗೆ ಕಂಡ.

ಮಗಳು ಅವನನ್ನು ಹಿಂದೆಂದೂ ನೋಡಿರಲಿಲ್ಲ. ಆದರೂ ಯಾರೆಂದು ಕೇಳಬೇಕಾಗಲಿಲ್ಲ.

•

ಬೆಟ್ಟದ ಇಳಿಜಾರಿನ ಆ ಮನೆಗೆ ಅಮ್ಮ ಮೊದಲ ಸಲ ಹೋದದ್ದು ಐವತ್ತು ದಾಟಿದ ಮೇಲೆ. ಪಡುವಣಕ್ಕೆ ಮುಖ ಮಾಡಿದ ದೊಡ್ಡ ಕೋಣೆ, ಸಾಲು ಕಿಟಕಿಗಳು. ಮಧ್ಯಾಹ್ನದ ಬಿಸಿಲು ನೇರ ಒಳಗೆ ನುಗ್ಗಿ ಕೂತವರ ಕಣ್ಣು ಕುಕ್ಕುತ್ತಿತ್ತು. ದಪ್ಪ ಬಿಳಿ ಬಟ್ಟೆ, ಒಳಗೆ ಅಸ್ತರು, ನೆಲ ಮುಟ್ಟುವಷ್ಟು ಉದ್ದ ಎಂದು ತೋಟದವರು, ಆ ಮನೆಯ ಯಜಮಾನರು, ಹೇಳಿಕಳಿಸಿದ್ದರು. ಹೆಂಡತಿ ತೀರಿಹೋಗಿದ್ದ, ಮಾತು ಕಡಿಮೆಯ ಮನುಷ್ಯ.

ಅಳತೆ ಹಿಡಿದು, ಹೊಲಿದು, ಕಟ್ಟಲು ಬಂದದ್ದು ಹಣ್ಣು ಕೊಯ್ದು ಮುಗಿದ ವಾರ. ಅಮ್ಮ ಏಣಿಯ ಮೇಲೆ ನಿಂತು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಕೊನೆಯ ಪರದೆಯನ್ನು ಸರಳಿಗೆ ಏರಿಸುತ್ತಿದ್ದಳು. ಕೆಳಗೆ ತೋಟದ ಕೆಲಸದವರು ಮೇಜಿನ ಸುತ್ತ ಕೂತು, ನೆಲಮಾಳಿಗೆಯ ಪೀಪಾಯಿಯಿಂದ ತಂದ ವೈನು ಕುಡಿಯುತ್ತಿದ್ದರು. ಅವರ ಮಾತು ಜೋರಾದಾಗಲೆಲ್ಲ ಅವಳ ಬೆನ್ನು ಬಿಗಿಯುತ್ತಿತ್ತು. ಈಗ ಯಾರೋ ಕುರ್ಚಿ ಒದೆಯುತ್ತಾರೆ, ಈಗ ಲೋಟ ಗೋಡೆಗೆ ಬೀಳುತ್ತದೆ ಎಂದು ಕಾದಳು. ಅವರು ನಕ್ಕರು, ಯಾರದೋ ಕತ್ತೆಯ ಕತೆ ಹೇಳಿದರು, ಲೋಟಗಳನ್ನು ತಾವೇ ತೊಳೆದಿಟ್ಟು ಹೊರಟುಹೋದರು.

"ನಿಮಗೂ ಸ್ವಲ್ಪ ಕೊಡಲಾ ಪರದೆಯವರೇ?" ಎಂದು ತೋಟದವರು ಕೇಳಿದರು.

ಅವಳು ಪಿನ್ನುಗಳನ್ನು ಅಂಗೈಗೆ ಉಗುಳಿ, "ನಮ್ಮನೇಲಿ ಅದು ಆಗಲ್ಲ," ಎಂದಳು.

"ಸರಿ," ಎಂದರು ಅವರು. ಒತ್ತಾಯ ಮಾಡಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ತುಂಬಿದ ತಮ್ಮ ಗಾಜಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಯಾರೋ ಕರೆದರೆಂದು ಹೊರಗೆ ಹೋದರು.

ಏಣಿಯಿಂದ ಇಳಿದವಳು ಪರದೆಯನ್ನು ನೋಡಿ ಬೆಚ್ಚಿದಳು. ಹೊಚ್ಚ ಹೊಸ ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಕೆಂಪು ಕಲೆ. ಯಾರ ಕೈ ತಾಗಿತು, ಒಗೆದರೆ ಹೋಗುತ್ತದೋ ಇಲ್ಲವೋ, ಉಪ್ಪು ಹಾಕಿ ಉಜ್ಜಬೇಕೋ ಎಂದು ಗಾಬರಿಯಲ್ಲಿ ಕೈ ಚಾಚಿದಳು. ಕಲೆ ಅವಳ ಕೈಯ ಮೇಲೆ ಬಂತು. ಕೈ ತಿರುಗಿಸಿದರೆ ಅಂಗೈಯ ಮೇಲೆ ಬಂತು. ಕಟ್ಟೆಯ ಮೇಲಿನ ಲೋಟವನ್ನು ತೂರಿ ಬಂದ ಇಳಿಬಿಸಿಲು ಅದು. ಅಂಥ ಬಣ್ಣದ ಬಟ್ಟೆ ಅವಳು ಎಂದೂ ಕಂಡಿರಲಿಲ್ಲ. ಅಂಚಿನಲ್ಲಿ ಕಿತ್ತಳೆ, ನಡುವಿನಲ್ಲಿ ಕಪ್ಪು ಎನ್ನುವಷ್ಟು ಗಾಢ, ಅಲ್ಲಾಡಿದರೆ ಉಸಿರಾಡಿದ ಹಾಗೆ.

ಎಷ್ಟು ಹೊತ್ತು ಕೈಯನ್ನು ಹಾಗೆ ಹಿಡಿದಿದ್ದಳೋ. ಆಮೇಲೆ ಲೋಟ ಎತ್ತಿ ಮೂಸಿದಳು. ಗಂಡನ ಬಾಯಿಯ ನಾತಕ್ಕೆ ಮೂಗು ಆಗಲೇ ಸಿದ್ಧವಾಗಿ ಮುದುಡಿತ್ತು. ಆ ನಾತ ಬರಲಿಲ್ಲ. ಒದ್ದೆ ಕಲ್ಲಿನದು, ಕುಯ್ದಿಟ್ಟ ಹಣ್ಣಿನದು, ಕೊನೆಗೆ ಎಲ್ಲೋ ಹೊಸ ಬಟ್ಟೆಯ ಥಾನು ಬಿಚ್ಚಿದಾಗ ಏಳುವಂಥ ಒಂದು ವಾಸನೆ.

ಒಂದು ಗುಟುಕು ಕುಡಿದಳು. ನಾಲಿಗೆ ಒಗರಾಯಿತು, ಪಿನ್ನು ಕಚ್ಚಿದ ಹಾಗೆ. ಆಮೇಲೆ ಒಗರು ಮೆಲ್ಲಗೆ ಸಡಿಲಾಗಿ ಗಂಟಲೊಳಗೆ ಬೆಚ್ಚಗೆ ಇಳಿಯಿತು. ಅವಳು ಕೋಪಕ್ಕಾಗಿ ಕಾದಳು. ಕೋಪ ಲೋಟದೊಳಗೇ ಇರುತ್ತದೆ, ಕುಡಿದವರೊಳಗೆ ಅದು ಇಳಿಯುತ್ತದೆ ಎಂದು ಅಷ್ಟು ವರ್ಷ ನಂಬಿದ್ದಳು. ಇನ್ನೊಂದು ಗುಟುಕು ಕುಡಿದು ಮತ್ತೆ ಕಾದಳು. ಕೋಪ ಬರಲಿಲ್ಲ. ಕಿಟಕಿಯಾಚೆ ಬಳ್ಳಿಗಳ ಸಾಲು ಇಳಿಜಾರಿನಗುಂಟ ಕೆಳಗೆ ಹೋಗಿತ್ತು, ಯಾರೋ ನೀಟಾಗಿ ಹೊಲಿಗೆ ಹಾಕಿದಂತೆ. ಅದೇ ಕಿಟಕಿಗಳ ಅಳತೆ ಹಿಡಿದವಳು ಆಚೆಗೆ ನೋಡಿದ್ದು ಆಗಲೇ ಮೊದಲು.

ತೋಟದವರು ಒಳಗೆ ಬಂದಾಗ ಅವಳು ಲೋಟ ಹಿಡಿದು ಅಳುತ್ತಿದ್ದಳು.

"ಅಷ್ಟೊಂದು ಹುಳೀನಾ?" ಎಂದರು ಅವರು.

ಅವಳು ಅಳುವಿನ ನಡುವೆಯೇ ನಕ್ಕಳು. "ಇಲ್ಲ. ಎಷ್ಟು ಚೆನ್ನಾಗಿದೆ ಅಂತ." ಸ್ವಲ್ಪ ಹೊತ್ತಾದ ಮೇಲೆ, "ಇಷ್ಟು ದಿನ ತಪ್ಪೆಲ್ಲ ಇದರದ್ದೇ ಅಂದ್ಕೊಂಡಿದ್ದೆ," ಎಂದಳು. "ಇದರದ್ದಲ್ಲ ಅಂತಾದ್ರೆ, ಅವರದ್ದೇ ಆಯ್ತಲ್ಲ."

'ಅವರು' ಯಾರು ಎಂದು ತೋಟದವರು ಕೇಳಲಿಲ್ಲ. ಎದುರಿನ ಕುರ್ಚಿ ಎಳೆದುಕೊಟ್ಟರು.

ಆ ಮೇಲೆ ಬೆಟ್ಟದ ಮನೆಯ ಪರದೆಗಳಿಗೆ ಸದಾ ಒಂದಲ್ಲ ಒಂದು ರಿಪೇರಿ. ಅಂಚು ಜೋತುಬಿದ್ದಿದೆ, ಅಸ್ತರು ಬದಲಿಸಬೇಕು, ಸರಳಿನ ಬಳೆಗಳು ತುಕ್ಕು ಹಿಡಿದಿವೆ. ಅಮ್ಮ ಟೇಪು ಕೊರಳಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದಳು. ಒಂದೇ ಲೋಟ, ಅದೂ ಮಧ್ಯಾಹ್ನದುದ್ದಕ್ಕೂ. ವಾಪಸು ಬಸ್ಸಿನಿಂದ ಇಳಿಯುವ ಮುನ್ನ ಏಲಕ್ಕಿ ಅಗಿಯುತ್ತಿದ್ದಳು.

•

ಜನ ಒಬ್ಬೊಬ್ಬರಾಗಿ ಮಣ್ಣು ಹಾಕಿ ಗೇಟಿನ ಕಡೆ ನಡೆದರು. ಬೇಲಿಯ ಹತ್ತಿರವಿದ್ದ ತೋಟದವರು ಎಲ್ಲರಿಗಿಂತ ಕೊನೆಗೆ ಬಂದರು. ಬಗ್ಗಲು ಆಗಲಿಲ್ಲ. ತಮ್ಮ ಒಂದು ಹಿಡಿ ಮಣ್ಣು ಎತ್ತಿ ಅವರ ಕೈಗೆ ಹಾಕಿದ.

"ಬರಿಗೈಲಿ ಬಂದೆ," ಎಂದರು ತೋಟದವರು ಮಗಳಿಗೆ. "ನಿಮ್ಮನೆ ಹೊಸ್ತಿಲು ಬಾಟಲಿ ದಾಟಕೂಡದು ಅಂತ ನಿಮ್ಮಮ್ಮ ಮೊದಲೇ ಹೇಳಿದ್ರು. ಹೂ ತರೋಣ ಅಂದ್ರೆ, ನಮ್ಮಲ್ಲಿ ಇರೋದು ಬರೀ ಬಳ್ಳಿ."

"ಪರವಾಗಿಲ್ಲ," ಎಂದಳು ಮಗಳು. ನೆರಳಿದ್ದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು.

"ನಿಮ್ಮನ್ನ ಒಂದು ಮಾತು ಕೇಳಲಾ?" ಎಂದರು ಅವರು, ಕೋಲಿನ ತುದಿಯಿಂದ ನೆಲ ಕೆರೆಯುತ್ತ. "ನನ್ನ ಮೇಲೆ ಅವರಿಗೆ ಬೇಜಾರಿತ್ತಾ?"

"ಯಾಕೆ?"

"ಕೊನೇ ಸಲ ಬಂದಾಗ ನಾನೊಂದು ಕೇಳಬಾರದ್ದು ಕೇಳಿದೆ. ಇಲ್ಲೇ ಇದ್ದುಬಿಡಿ ಅಂದೆ. ಮದುವೆ ಆಗೋಣ ಅಂದೆ, ಈ ವಯಸ್ಸಿಗೆ! ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಬಾಟಲಿ ಕೊಡ್ತೀರಾ, ಮನೆಗೆ ತಗೊಂಡು ಹೋಗ್ತೀನಿ ಅಂದ್ರು. ಅಷ್ಟು ವರ್ಷದಲ್ಲಿ ಯಾವತ್ತೂ ಕೇಳಿರಲಿಲ್ಲ. ತಗೊಂಡು ಹೋದ್ರು. ಮತ್ತೆ ಬರಲೇ ಇಲ್ಲ."

ಮಗಳು ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು.

"ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಮನಸ್ಸು ಬರಲಿಲ್ಲ, ನೆನಪಿಗೆ ಅಂತ ಒಂದು ತಗೊಂಡು ಹೋದ್ರು ಅಂದ್ಕೊಂಡೆ," ಎಂದರು ತೋಟದವರು. "ಆಮೇಲೊಂದು ಸಲ ಪರದೆ ಹರಿದಿದೆ ಅಂತ ಹೇಳಿಕಳಿಸಿದೆ. ಕೈ ನೋವು ಅಂತ ಬೇರೆ ಟೈಲರ್‌ನ ಕಳಿಸಿದ್ರು. ಬೇಡ ಅಂದವರನ್ನ ಪೀಡಿಸಬಾರದಲ್ಲ. ಸುಮ್ಮನಾದೆ."

•

ಆ ಸಂಜೆ ಮಗಳು ಕೆಲಸದಿಂದ ಬೇಗ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿತ್ತು, ಮೂರು ಲೋಟಗಳಿದ್ದವು, ನಡುವೆ ಒಂದು ಬಾಟಲಿ. ಅಮ್ಮ ಕೂದಲು ತಿದ್ದಿಕೊಂಡಿದ್ದಳು. ಅವಳ ಮುಖದಲ್ಲಿ ಮಗಳು ಎಂದೂ ನೋಡದ ಒಂದು ಸಂಕೋಚವಿತ್ತು, ಹೊಸದಾಗಿ ಶಾಲೆಗೆ ಸೇರಿದ ಹುಡುಗಿಯ ಹಾಗೆ.

"ತಮ್ಮ ಬರಲಿ, ಇರು," ಎಂದಳು ಅಮ್ಮ. "ನಿಮ್ಮಿಬ್ಬರ ಹತ್ರ ಒಂದು ವಿಷಯ ಮಾತಾಡಬೇಕು. ಮೊದಲು ಒಂದು ಗುಟುಕು—"

"ಏನಿದು?"

"ವೈನು. ದ್ರಾಕ್ಷೀದು. ನೀನು ಅಂದ್ಕೊಂಡ ಹಾಗಲ್ಲ ಕಣೇ, ಒಂಚೂರು ಮೂಸಿ ನೋಡು."

ಮಗಳು ಮೂಸಿದ್ದು ಅಮ್ಮನ ಬಾಯನ್ನು. ಏಲಕ್ಕಿ. ಇಷ್ಟು ವರ್ಷ ಬೆಟ್ಟದ ಮನೆಯಿಂದ ಬಂದ ದಿನವೆಲ್ಲ ಏಲಕ್ಕಿ. ಒಂದೊಂದಾಗಿ ಎಲ್ಲವೂ ತಾನೇ ಜೋಡಿಸಿಕೊಂಡು ಬಂತು.

"ಹಾಗಾದ್ರೆ ಅಪ್ಪನ ಬಾಟಲಿ ಯಾಕೆ ಒಡೆದೆ?" ಎಂದಳು.

ಅಮ್ಮ ಮೂರು ಲೋಟಗಳನ್ನು ಹತ್ತಿರ ಹತ್ತಿರ ಸರಿಸಿದಳು.

"ಹೇಳು. ಆ ಚೂರು ಬಾಚಿದ್ದು ನಾನು. ತಮ್ಮನ ಕಿವಿ ಹೋಗಿದ್ದು ನಿಂಗೆ ಮರೆತುಹೋಯ್ತಾ? ಅವನು ಈಗ ಬರ್ತಾನಲ್ಲ, ಅವನ ಎದುರಿಗೆ ಕೂತು ಕುಡೀತೀಯಾ? ಯಾವ ಮುಖ ಇಟ್ಕೊಂಡು?"

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಮಗಳು ಬಿಡಲಿಲ್ಲ. ಬಾಟಲಿ ಎತ್ತಿಕೊಂಡು ಸಿಂಕಿನ ಹತ್ತಿರ ಹೋದಳು. ಸುರಿಯಲು ನೋಡಿದರೆ ಬೂಚು. ಉಗುರು ಹಾಕಿದಳು, ಚಾಕುವಿನಿಂದ ತಿವಿದಳು. ಅದು ಕದಲಲಿಲ್ಲ. ಬಾಟಲಿ ತೆರೆಯುವುದು ಹೇಗೆಂದು ಆ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುವುದಾದರೂ ಹೇಗೆ?

ಅಮ್ಮ ಬಂದು ಅವಳ ಕೈಯಿಂದ ಬಾಟಲಿಯನ್ನು ಮೆಲ್ಲಗೆ ತೆಗೆದುಕೊಂಡಳು. ಹೊಲಿಗೆ ಚೀಲದಿಂದ ಬೂಚು ಎಳೆಯುವ ತಿರುಪೊಂದನ್ನು ತೆಗೆದಳು. ತೊಡೆಗಳ ನಡುವೆ ಬಾಟಲಿ ಇರಿಸಿ, ತಿರುಪು ತಿರುಗಿಸಿ, ಒಂದೇ ಎಳೆತಕ್ಕೆ ಬೂಚು ತೆಗೆದಳು. ಅದನ್ನು ಒಂದು ಸಲ ಮೂಗಿನ ಹತ್ತಿರ ಹಿಡಿದಳು, ಕಣ್ಣು ಮುಚ್ಚಿದಳು. ಆಮೇಲೆ ತೆರೆದ ಬಾಟಲಿಯನ್ನು ಮಗಳ ಕೈಗೆ ಕೊಟ್ಟಳು.

ಮಗಳು ಸುರಿದಳು. ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಗುಳು ಗುಳು ಸದ್ದು ಮಾಡುತ್ತ ನಿಂತು ನಿಂತು ಹೋಯಿತು.

"ನೀನು ಹೇಳಿದ್ದು ಸರಿ," ಎಂದಳು ಅಮ್ಮ, ಲೋಟಗಳನ್ನು ಎತ್ತಿಡುತ್ತ.

ತಮ್ಮ ಬಂದಾಗ ಊಟಕ್ಕೆ ಬಡಿಸಿದ್ದಳು. ವಿಷಯ ಏನೆಂದು ಅವನು ಕೇಳಲಿಲ್ಲ, ಅವನಿಗೆ ವಿಷಯವಿದೆಯೆಂದೇ ಗೊತ್ತಿರಲಿಲ್ಲ. 'ನೀನು ಹೇಳಿದ್ದು ಸರಿ' ಎಂಬ ಮಾತನ್ನು ಮಗಳು ಬಹಳ ವರ್ಷ ಒಂದು ಗೆಲುವಿನಂತೆ ಇಟ್ಟುಕೊಂಡಿದ್ದಳು. ಅಮ್ಮ ಬೆಟ್ಟಕ್ಕೆ ಹೋಗುವುದು ನಿಂತಾಗ ಸಮಾಧಾನಪಟ್ಟಳು. ಮಧ್ಯಾಹ್ನದ ಬಸ್ಸಿನ ಹಾರ್ನು ಕೇಳಿದಾಗ ಮಿಷನ್ನಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುವುದನ್ನು ಗಮನಿಸಿದ್ದಳು. ಗಮನಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

•

"ನಿಮ್ಮ ಮೇಲೆ ಬೇಜಾರಿರಲಿಲ್ಲ," ಎಂದಳು ಮಗಳು.

ತೋಟದವರು ಕಾದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಷ್ಟಕ್ಕೇ ಅವರು ಎದ್ದು, ಕೈಮುಗಿದು, ಸ್ವಲ್ಪ ಹಗುರಾಗಿ ಮನೆಗೆ ಹೋಗುತ್ತಿದ್ದರು. ಗೇಟಿನ ಹತ್ತಿರ ಅವರ ಗಾಡಿಯ ಡ್ರೈವರು ಬಾಗಿಲು ತೆರೆದು ನಿಂತಿದ್ದ. ಚಿಕ್ಕಮ್ಮ ದೂರದಿಂದ ಇತ್ತಲೇ ನೋಡುತ್ತಿದ್ದಳು.

"ನೆನಪಿಗೆ ಅಂತ ತಗೊಂಡು ಬಂದಿದ್ದಲ್ಲ ಅದು," ಎಂದಳು ಮಗಳು. "ನಮಗೆ ಕುಡಿಸೋಕೆ ತಂದಿದ್ದು. ಮೂರು ಲೋಟ ಇಟ್ಟಿದ್ರು. ಮಾತಾಡಬೇಕು ಅಂದ್ರು. ನಾನು ಬಿಡಲಿಲ್ಲ. ಎಲ್ಲ ಸಿಂಕಿಗೆ ಸುರಿದೆ."

ಮುದುಕನ ಕೋಲು ನೆಲ ಕೆರೆಯುವುದು ನಿಂತಿತು.

"ಪೂರ್ತಿ?"

"ಪೂರ್ತಿ."

"ಅವರು ಒಂದು ಗುಟುಕಾದರೂ..."

"ಇಲ್ಲ. ಬೂಚು ಮೂಸಿ ನೋಡಿದ್ರು, ಅಷ್ಟೇ."

ಅವರು ಬೇರೆ ಕಡೆ ಮುಖ ತಿರುಗಿಸಿದರು. "ಒಂದು ಮಾತು," ಎಂದರು ಕೊನೆಗೆ, ಗಡಸಾಗಿ. "ಯಾರಾದ್ರೂ ಒಂದು ಮಾತು ಹೇಳಿಕಳಿಸಬಹುದಿತ್ತು. ನಾನೇ ಕೆಟ್ಟೆ, ನಾನೇ ಕೆಡಿಸಿದೆ ಅಂತ ಇಷ್ಟು ವರ್ಷ..." ಮಗಳು ಕ್ಷಮಿಸಿ ಎನ್ನಲು ನೋಡಿದಳು. ಆ ಮಾತು ಕೊಡಲು ತೀರಾ ಸಣ್ಣದೆನಿಸಿತು.

ಅವರು ಕೋಲೂರಿ ಎದ್ದರು. ಮಗಳೂ ಎದ್ದಳು. ಗಾಡಿಯವರೆಗೆ ಜೊತೆಗೇ ನಡೆದಳು.

"ನಾನೂ ಬರಬಹುದಾ?" ಎಂದಳು. "ಅಮ್ಮ ಕೂರ್ತಿದ್ದ ಜಾಗ ನೋಡಬೇಕು."

ಅವರು ಹೂಂ ಎನ್ನಲಿಲ್ಲ. ಪಕ್ಕಕ್ಕೆ ಸರಿದು ಕೂತರು.

"ಮನೇಲಿ ಜನ ಕಾಯ್ತಿರ್ತಾರಲ್ಲೇ!" ಎಂದು ಚಿಕ್ಕಮ್ಮ ಕೂಗಿದಳು. ತಮ್ಮ ಅವಳ ತೋಳು ಹಿಡಿದು, "ಹೋಗಲಿ ಬಿಡು ಚಿಕ್ಕಮ್ಮ. ನಾನು ನೋಡ್ಕೋತೀನಿ," ಎಂದ. ಗಾಡಿಯ ಕಿಟಕಿಗೆ ಬಗ್ಗಿ, ಕೇಳುವ ಕಿವಿಯನ್ನು ಇತ್ತ ಮಾಡಿ, "ಸಂಜೆ ಕರ್ಕೊಂಡು ಬರೋಕೆ ಬರ್ಲಾ ಅಕ್ಕ?" ಎಂದು ಕೇಳಿದ.

"ಬಾ," ಎಂದಳು.

ಬೆಟ್ಟದ ಮನೆಯ ಅಂಗಳದಲ್ಲಿ, ಬಿಸಿಲಿಗೆ ಬೆಳ್ಳಗಾದ ಹಲಗೆಯ ಮೇಜಿನ ಎದುರು ಅವರು ಅವಳನ್ನು ಕೂರಿಸಿದರು. ಒಳಗೆ ಹೋಗಿ, ತಾವೇ ಒಂದು ಬಾಟಲಿಯನ್ನೂ ಎರಡು ಲೋಟಗಳನ್ನೂ ತಂದರು. ಬೂಚು ತೆಗೆಯಲು ಎರಡು ಮೂರು ಸಲ ಎಳೆಯಬೇಕಾಯಿತು. ಮಗಳು ನೆರವಿಗೆ ಕೈ ಚಾಚಿ, ತನಗೆ ಬರುವುದಿಲ್ಲವೆಂದು ನೆನಪಾಗಿ ಹಿಂತೆಗೆದಳು.

ಕುಡಿದಳು. ಹುಳಿ, ಒಗರು, ಆಮೇಲೆ ಕಹಿ. ಇನ್ನೊಮ್ಮೆ ಕುಡಿದಳು. ಕಣ್ಣು ಮುಚ್ಚಿ, ಅಮ್ಮನಿಗೆ ಸಿಕ್ಕಿದ್ದನ್ನು ಹುಡುಕಿದಳು. ಕೆಮ್ಮು ಬಂತು.

"ಇಷ್ಟ ಆಗಲಿಲ್ಲ," ಎಂದರು ತೋಟದವರು.

"ಇಲ್ಲ."

"ನಿಮ್ಮಮ್ಮನಿಗೆ ಮೊದಲನೇ ದಿನವೇ ಇಷ್ಟ ಆಗಿತ್ತು."

"ಹೇಗಿದ್ರು ಆವತ್ತು?"

ಅವರು ಹೇಳಿದರು. ಏಣಿ, ಪಿನ್ನು, ಕೈಯ ಮೇಲಿನ ಬಣ್ಣ. ಹೊರಗೆ ಹೋದವರು ಬಾಗಿಲಲ್ಲೇ ನಿಂತು ನೋಡಿದ್ದರಂತೆ, ಒಳಗೆ ಬರಲು ಮನಸ್ಸಾಗಲಿಲ್ಲವಂತೆ. ಅತ್ತದ್ದು, ನಕ್ಕದ್ದು, ಆಮೇಲೆ ಕುರ್ಚಿಯಲ್ಲಿ ಕೂತು ಮಕ್ಕಳ ವಿಷಯ ಹೇಳಿದ್ದು. "ನನ್ನ ಮಗಳು ಕಲ್ಲಿನ ಹಾಗೆ ಗಟ್ಟಿ ಅಂತಿದ್ರು. ಬಹಳ ಹೆಮ್ಮೆ." ಹೇಳುತ್ತ ಹೇಳುತ್ತ ಮಾತು ನಿಧಾನವಾಯಿತು, ನಡುವಿನ ಮೌನಗಳು ಉದ್ದವಾದವು. ಒಂದು ಮೌನ ಮುಗಿಯಲೇ ಇಲ್ಲ. ಅವರು ಕುರ್ಚಿಯಲ್ಲೇ ಗಲ್ಲ ಎದೆಗೆ ಆನಿಸಿ ನಿದ್ದೆಹೋಗಿದ್ದರು. ಅವರ ಲೋಟ ಖಾಲಿಯಾಗಿತ್ತು. ಅವಳದ್ದು ಹೆಚ್ಚುಕಡಿಮೆ ಹಾಗೇ ತುಂಬಿತ್ತು.

ಎಬ್ಬಿಸಲು ಮನಸ್ಸಾಗದೆ ಮಗಳು ಕೂತೇ ಇದ್ದಳು. ಬಳ್ಳಿಗಳ ಕಡೆಯಿಂದ ಒಂದು ಜೇನುಹುಳ ಬಂದು ಅವಳ ಲೋಟದ ಅಂಚಿನಲ್ಲಿ ಸುತ್ತಿತು, ಜಾರಿ ಒಳಗೆ ಬಿತ್ತು. ಅವಳು ಬೆರಳು ಅದ್ದಿ ಅದನ್ನು ಎತ್ತಿ ಮೇಜಿನ ಮೇಲೆ ಬಿಟ್ಟಳು. ಹುಳ ಸ್ವಲ್ಪ ಹೊತ್ತು ಸತ್ತಂತೆ ಬಿದ್ದಿತ್ತು. ಆಮೇಲೆ ಒಂದು ಕಾಲು ಅಲ್ಲಾಡಿಸಿತು, ಇನ್ನೊಂದನ್ನು ಅಲ್ಲಾಡಿಸಿತು. ಒದ್ದೆಯಾಗಿ ಮೈಗಂಟಿದ ರೆಕ್ಕೆಗಳನ್ನು ಎಳೆದುಕೊಳ್ಳುತ್ತ, ಬಿಳಿಯ ಹಲಗೆಯ ಮೇಲೆ ಎಳೆಯಷ್ಟು ಸಣ್ಣ ಕೆಂಪು ಗೆರೆ ಬಿಡುತ್ತ, ಅತ್ತ ವಾಲಿ ಇತ್ತ ವಾಲಿ ಬಿಸಿಲಿದ್ದ ಕಡೆಗೆ ಹೊರಟಿತು. ದಾರಿಗೆ ಅಡ್ಡವಾಗಿ ಅವಳ ಕೈಯಿತ್ತು. ಹುಳ ಬೆರಳಿನವರೆಗೆ ಬಂದು ನಿಂತಿತು.

ಅವಳು ಕೈ ಸರಿಸಿದಳು.